ಮೋರಿ ಕಟ್ಟೆ ಮೇಲೆ ಬೂದು ಸಿಪಿಲೆ

ಈ ವಿಡಿಯೋದಲ್ಲಿ ಮೋರಿ ಕಟ್ಟೆ ಮೇಲೆ ಬಾಲ ಕುಣಿಸ್ತಾ ನಿಂತಿದೆಯಲ್ಲ ಹಕ್ಕಿ, ಅದು ಬೂದು ಸಿಪಿಲೆ. ಕುಂಡೆಕುಸ್ಕ ಅಂತಲೂ ಕರೀತಾರೆ. ಆಗುಂಬೆ ಕಡೆ ಮಳೆ ಇನ್ನೂ ಪೂರ್ತಿ ಬಿಟ್ಟಿರಲ್ಲ, ಸೆಪ್ಟೆಂಬರಿಗೇ ಹಾಜರ್. ಏಪ್ರಿಲ್ ಹೊತ್ತಿಗೆ ವಾಪಸ್. ಗೂಡು ಕಟ್ಟೋದು ಹಿಮಾಲಯದಲ್ಲಿ, ಅದರಾಚೆಯ ಬೆಟ್ಟಗಳಲ್ಲಿ, ರಭಸದ ತೊರೆ ಪಕ್ಕದ ಕಲ್ಲುಸಂದಿಯೊಳಗೆ. ಇಲ್ಲಿ ಗೂಡು ಹುಡುಕಿ ಪ್ರಯೋಜನ ಇಲ್ಲ.

ತುಂಬಾ ಜನ ಎಡವೋದು ಹಳದಿ ಹೊಟ್ಟೆ ನೋಡಿ. ಹಳದಿ ಸಿಪಿಲೆ ಅಂದುಬಿಡ್ತಾರೆ. ಹೊಟ್ಟೆ ಬಿಡಿ, ಬೆನ್ನು ನೋಡಿ. ಇದರ ಬೆನ್ನು ಅಪ್ಪಟ ಬೂದು, ಹಳದಿ ಸಿಪಿಲೆಯದ್ದು ಹಸಿರು ಬೆರೆತ ಕಂದು. ಝೂಮ್ ಮಾಡಿದೀನಿ, ಕಾಲು ಕಾಣ್ತಿದೆಯಾ? ಮಾಸಲು ಗುಲಾಬಿ. ಹಳದಿ ಸಿಪಿಲೆಗೆ ಕಪ್ಪು ಕಾಲು, ಬಾಲವೂ ಗಿಡ್ಡ. ಅದು ಭದ್ರಾ ಅಚ್ಚುಕಟ್ಟಿನ ಗದ್ದೆಗಳಲ್ಲಿ ಗುಂಪುಗುಂಪಾಗಿ ಸಿಗುತ್ತೆ. ಇದು ಒಂಟಿ. ಸುಮಾರು 18 ಸೆಂಟಿಮೀಟರ್ ಹಕ್ಕಿ, ಅದರಲ್ಲಿ ಹೆಚ್ಚುಕಮ್ಮಿ ಅರ್ಧ ಬಾಲವೇ! ಚಳಿಗಾಲದಲ್ಲಿ ಗಂಟಲು ಬಿಳಿ. ಮಾರ್ಚ್ ನಂತರ ಗಂಡಿನ ಗಂಟಲು ಕಪ್ಪಾಗ್ತಾ ಬರುತ್ತೆ, ಬೇರೆ ಹಕ್ಕಿ ಅಂದ್ಕೋಬೇಡಿ.

ಅಡಿಕೆ ತೋಟದೊಳಗೆ ತರಗೆಲೆ ಮೇಲೆ ಓಡಾಡೋ ಸಿಪಿಲೆ ಸಿಕ್ಕರೆ ಬಾಲ ಅಲ್ಲಾಡೋ ದಿಕ್ಕು ಗಮನಿಸಿ. ಮೇಲೆ-ಕೆಳಗೆ ಆದರೆ ಇದೇ. ಹಿಂಭಾಗ ಎಡಕ್ಕೆ-ಬಲಕ್ಕೆ ತೂಗಿದರೆ ಕಾಡು ಸಿಪಿಲೆ. ಅದರ ಎದೆ ಮೇಲೆ ಕಪ್ಪು ಪಟ್ಟಿಯೂ ಇರುತ್ತೆ.

ಹಳ್ಳದ ಒಂದು ತುಂಡನ್ನು ತನ್ನದು ಮಾಡಿಕೊಂಡ ಮೇಲೆ ಇನ್ನೊಂದು ಸಿಪಿಲೆ ಅಲ್ಲಿ ಕಾಲಿಡೋ ಹಾಗಿಲ್ಲ, ಅಟ್ಟಿಸಿಕೊಂಡು ಹೋಗುತ್ತೆ. ಈಗ ನೋಡಿ: ನೀರಂಚಲ್ಲಿ ನಾಲ್ಕು ಹೆಜ್ಜೆ, ಕಲ್ಲಿನ ಪಾಚಿಯಿಂದ ಏನೋ ಹೆಕ್ಕಿತು, ಬಹುಶಃ ಹುಳ. ತಕ್ಷಣ ಮೇಲಕ್ಕೆ ಹಾರಿ ಗಾಳಿಯಲ್ಲೇ ನೊಣ ಹಿಡೀತು. ಓಡಿಸಿದರೆ ಅಲೆಅಲೆಯಾಗಿ ಹಾರಿ, ರಸ್ತೆಯಲ್ಲಿ ಸ್ವಲ್ಪ ಮುಂದೆ ಹೋಗಿ ಮತ್ತೆ ಕೂರುತ್ತೆ. ಹಾರುವಾಗ ‘ಚಿಟ್-ಚಿಟ್’ ಅನ್ನೋ ಚೂಪು ದನಿ. ಹಳ್ಳದ ಸದ್ದಿನ ನಡುವೆಯೂ ಕೇಳುತ್ತೆ, ಹಾಗಾಗಿ ಎಷ್ಟೋ ಸಲ ಕಣ್ಣಿಗಿಂತ ಕಿವಿಗೇ ಮೊದಲು ಸಿಗೋದು.

ವಿಡಿಯೋ ಮಾಡೋರಿಗೆ ಒಂದು ಮಾತು. ಹಿಂದೆ ಹಿಂದೆ ನಡೆದರೆ ಬಾಲ ಮಾತ್ರ ಸಿಗುತ್ತೆ. ಗಾಡಿ ಎಂಜಿನ್ ಆಫ್ ಮಾಡಿ ಒಳಗೇ ಕೂತಿರಿ, ಅದೇ ಹತ್ತಿರ ಬರೋ ಸಾಧ್ಯತೆ ಹೆಚ್ಚು. ಬಾಲದ ಕುಣಿತ ಸಾಮಾನ್ಯ ಶಟರ್‌ಗೆ ಮಸುಕಾಗುತ್ತೆ, ಸೆಕೆಂಡಿಗೆ 120 ಫ್ರೇಮ್‌ಗೆ ಹಾಕಿ. ನೀರು ಹೊಳೆಯೋ ಕಡೆ ಆಟೋಫೋಕಸ್ ಹಕ್ಕಿ ಬಿಟ್ಟು ನೀರನ್ನೇ ಹಿಡಿಯುತ್ತೆ, ಅಲ್ಲಿ ಮ್ಯಾನುವಲ್ ಫೋಕಸ್ಸೇ ಗತಿ.