ಎರಡೇ ಕೈ, ಕಾಯಬೇಕಾದ ಜಾಗ ಹಲವು: ಬಾಕ್ಸಿಂಗ್ ಗಾರ್ಡ್‌ಗಳ ಬಗ್ಗೆ

ಎಲ್ಲರಿಗೂ ನಮಸ್ಕಾರ.

ಮೊದಲು ಒಂದು ಸಣ್ಣ ಕೆಲಸ. ಕೂತಲ್ಲೇ ಎರಡೂ ಕೈ ಮುಷ್ಟಿ ಕಟ್ಟಿ, ಕೆನ್ನೆಯ ಮೇಲಕ್ಕೆ ಎತ್ತಿ ಹಿಡಿಯಿರಿ. ಮೊಣಕೈ ಎಲ್ಲಿದೆ ನೋಡಿ. ಅದರ ಕೆಳಗೆ ಪಕ್ಕೆ ಬಯಲಾಗಿದೆ, ಅಲ್ವಾ? ಈಗ ಪಕ್ಕೆ ಮುಚ್ಚಲು ಮೊಣಕೈ ಇಳಿಸಿ. ಮುಷ್ಟಿಯೂ ಜೊತೆಗೇ ಇಳಿಯಿತು. ಕಿವಿ, ಕಣತಲೆ ತೆರೆದುಕೊಂಡವು. ನಮಗಿರುವುದು ಎರಡೇ ಕೈ. ಕಾಯಬೇಕಾದ ಜಾಗ ಅದಕ್ಕಿಂತ ಜಾಸ್ತಿ.

ಏಟು ತಡೆಯಲು ಈ ಕೈಗಳನ್ನು ಹಿಡಿಯುವ ರೀತಿಯೇ ಗಾರ್ಡ್. ಅದಕ್ಕೇ ಯಾರಾದರೂ "ಯಾವ ಗಾರ್ಡ್ ಒಳ್ಳೆಯದು ಸಾರ್?" ಅಂತ ಕೇಳಿದರೆ ನಾನು ತಿರುಗಿ ಕೇಳುತ್ತೇನೆ: ಯಾವ ಏಟು ಬರಲಿ ಅಂತ ಜಾಗ ಬಿಡುತ್ತೀಯ? ಬಂದಾಗ ಏನು ಮಾಡುತ್ತೀಯ? ಗಾರ್ಡ್ ಅಂದರೆ ಒಂದೇ ಬಾಗಿಲು ತೆರೆದಿಟ್ಟ ಮನೆ. ಕಳ್ಳ ಅಲ್ಲಿಂದಲೇ ಬರಬೇಕು. ನೀವು ಕೋಲು ಹಿಡಿದು ಅಲ್ಲೇ ಕಾಯುತ್ತಿರಬೇಕು.

ಬಾಗಿಲು ತೆರೆದಿರುವುದು ನಮಗೇ ಗೊತ್ತಿಲ್ಲದಿದ್ದರೆ ಏನಾಗುತ್ತದೆ? 1936ರಲ್ಲಿ ಜೋ ಲೂಯಿಸ್‌ಗೆ ಆದದ್ದೇ ಆಗುತ್ತದೆ. ಆಗ ವೃತ್ತಿಪರ ಪಂದ್ಯಗಳಲ್ಲಿ ಅವನಿಗೆ ಸೋಲೇ ಗೊತ್ತಿರಲಿಲ್ಲ. ಜರ್ಮನಿಯ ಮಾಜಿ ಚಾಂಪಿಯನ್ ಮ್ಯಾಕ್ಸ್ ಶ್ಮೆಲಿಂಗ್ ಅವನ ಆಟವನ್ನು ಕೂತು ನೋಡಿ ಒಂದು ವಿಷಯ ಹಿಡಿದ. ಜ್ಯಾಬ್, ಅಂದರೆ ಮುಂದಿನ ಕೈಯ ನೇರ ಏಟು, ಹೊಡೆದ ಮೇಲೆ ಲೂಯಿಸ್‌ನ ಎಡಗೈ ನೇರವಾಗಿ ಕೆನ್ನೆಗೆ ವಾಪಸ್ ಬರುತ್ತಿರಲಿಲ್ಲ. ಸ್ವಲ್ಪ ಕೆಳಗಿಳಿದು ಬರುತ್ತಿತ್ತು. ಆ ಕ್ಷಣದಲ್ಲಿ ಶ್ಮೆಲಿಂಗ್‌ನ ಬಲಗೈ ಅದರ ಮೇಲಿನಿಂದ ಹೋಗಿ ಬೀಳುತ್ತಿತ್ತು. 12ನೇ ರೌಂಡ್‌ನಲ್ಲಿ ಲೂಯಿಸ್ ನಾಕೌಟ್ ಆದ. ಎರಡು ವರ್ಷದ ನಂತರ ಮತ್ತೆ ಎದುರಾದಾಗ ಅವನು ಶ್ಮೆಲಿಂಗ್‌ನನ್ನು ಮೊದಲ ರೌಂಡ್‌ನಲ್ಲೇ ಮುಗಿಸಿದ, ಅದು ಬೇರೆ ಕಥೆ. ನನಗೆ ಬೇಕಾದದ್ದು ಆ ಕೈ ಇಳಿಯುವ ಒಂದು ಗೇಣು.

ಎಲ್ಲರಿಗೂ ಮೊದಲು ಕಲಿಸುವುದು ಹೈ ಗಾರ್ಡ್. ಎರಡೂ ಗ್ಲೌಸ್ ಕೆನ್ನೆಗೆ, ಗದ್ದ ಎದೆಯ ಕಡೆಗೆ, ಮೊಣಕೈ ಒಳಗೆ. ಕಲಿಯುವುದು ಸುಲಭ. ಹೆದರಿಕೆಯಲ್ಲೂ ಮೈ ಅದನ್ನು ಮರೆಯುವುದಿಲ್ಲ. 2005ರ ಮೇ ತಿಂಗಳಲ್ಲಿ ವಿಂಕಿ ರೈಟ್ ಇದೇ ಗಾರ್ಡ್ ಇಟ್ಟುಕೊಂಡು ಫೆಲಿಕ್ಸ್ ಟ್ರಿನಿಡಾಡ್‌ನಂಥ ಹೊಡೆತಗಾರನನ್ನು 12 ರೌಂಡ್ ಸುಮ್ನೆ ಗ್ಲೌಸ್ ಮೇಲೆ ಗುದ್ದುವಂತೆ ಮಾಡಿದ. ನಡುನಡುವೆ ಜ್ಯಾಬ್ ಹಾಕುತ್ತ ಗೆದ್ದ. ಆ ಜ್ಯಾಬ್ ಇಲ್ಲದಿದ್ದರೆ ಅದೇ ಗಾರ್ಡ್ ಜೈಲು. 2010ರಲ್ಲಿ ಕಾರ್ಲ್ ಫ್ರಾಚ್ ಎದುರು ಆರ್ಥರ್ ಅಬ್ರಹಾಂ ಗ್ಲೌಸ್ ಹಿಂದೆ ಕೂತೇಬಿಟ್ಟ. ನೆಲಕ್ಕೆ ಬೀಳಲಿಲ್ಲ. ಹೆಚ್ಚುಕಡಿಮೆ ಎಲ್ಲ ರೌಂಡೂ ಕಳೆದುಕೊಂಡ. ಮುಖ ಮುಚ್ಚಿಕೊಂಡ ಕೈ ಅದೇ ಹೊತ್ತಿಗೆ ಹೊಡೆಯಲಾರದು. ಕಣ್ಣಿಗೂ ಅರ್ಧ ಮರೆಯಾಗುತ್ತದೆ.

ಇನ್ನೊಂದು ಅಪಾಯ ಲಿವರ್. ಅದು ಬಲಗಡೆ ಪಕ್ಕೆಯ ಕೆಳಗೆ ಇದೆ, ಎದುರಾಳಿಯ ಎಡ ಹುಕ್, ಅಂದರೆ ಮೊಣಕೈ ಮಡಚಿ ಪಕ್ಕದಿಂದ ಬೀಸುವ ಏಟು, ಬಂದು ಬೀಳುವ ಜಾಗದಲ್ಲೇ. 2004ರಲ್ಲಿ ಬರ್ನಾರ್ಡ್ ಹಾಪ್ಕಿನ್ಸ್ ಅಲ್ಲಿಗೆ ಒಂದೇ ಒಂದು ಹುಕ್ ಹಾಕಿದ. ಆಸ್ಕರ್ ಡಿ ಲಾ ಹೋಯಾ 9ನೇ ರೌಂಡ್‌ನಲ್ಲಿ ನೆಲಕ್ಕೆ ಬಿದ್ದು ಒದ್ದಾಡಿದ. ತಲೆ ತಿಳಿಯಾಗಿಯೇ ಇರುತ್ತದೆ, ಕಾಲು ಮಾತು ಕೇಳುವುದಿಲ್ಲ. ತಿಂದವರಿಗೆ ಗೊತ್ತು.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಹೈ ಗಾರ್ಡ್ ಕೆಲಸ ಮಾಡುವುದು ಗ್ಲೌಸ್ ಇರುವುದರಿಂದ. ಬರಿಗೈಯಲ್ಲಿ ಗುದ್ದಾಡುತ್ತಿದ್ದ ಕಾಲದ ಚಿತ್ರಗಳಲ್ಲಿ ಕೈಗಳು ಮುಂದಕ್ಕೆ ಚಾಚಿರುತ್ತವೆ. ಬರಿ ಮುಷ್ಟಿಯ ಹಿಂದೆ ಮುಖ ಅಡಗುವುದಿಲ್ಲ, ದೂರದಲ್ಲೇ ತಡೆಯಬೇಕು. ಮೈಸೂರು ಅರಮನೆಯಲ್ಲಿ ವಿಜಯದಶಮಿಯ ದಿನ ನಡೆಯುವ ವಜ್ರಮುಷ್ಟಿ ಕಾಳಗ ನೆನಪಿಸಿಕೊಳ್ಳಿ. ಬೋಳಿಸಿದ ತಲೆಯಿಂದ ರಕ್ತ ಬಂದರೆ ಕಾಳಗ ಮುಗಿಯಿತು. ಅಲ್ಲಿ ಜಟ್ಟಿಗಳು ಪಕ್ಕೆಯ ಚಿಂತೆ ಮಾಡುತ್ತ ನಿಲ್ಲುವುದಿಲ್ಲ. ಆಟದ ನಿಯಮ ಹೇಗೋ ಕೈ ಹಾಗೆ.

ಪೀಕಬೂ ಅನ್ನುವ ಗಾರ್ಡ್ ನೋಡಲು ಹೈ ಗಾರ್ಡ್‌ನ ತಮ್ಮನಂತೆ ಕಾಣುತ್ತದೆ. ಒಳಗಿನ ಲೆಕ್ಕ ಬೇರೆ. ಇದರ ಗುರು ಕಸ್ ಡಿ'ಅಮಾಟೊ. ಶಿಷ್ಯ ಫ್ಲಾಯ್ಡ್ ಪ್ಯಾಟರ್ಸನ್ 1956ರಲ್ಲಿ 21ನೇ ವಯಸ್ಸಿಗೆ ಹೆವಿವೇಟ್ ಚಾಂಪಿಯನ್ ಆದ. 30 ವರ್ಷದ ನಂತರ ಮೈಕ್ ಟೈಸನ್ 20ನೇ ವಯಸ್ಸಿಗೇ ಆದ. ಇಲ್ಲಿ ಗ್ಲೌಸ್ ಕಾಯುವುದು ಸ್ವಲ್ಪ, ತಲೆಯ ಓಡಾಟ ಕಾಯುವುದು ಬಹಳ. ಎಡಕ್ಕೆ, ಬಲಕ್ಕೆ, ಕೆಳಕ್ಕೆ ತಲೆ ಆಡುತ್ತಲೇ ಒಳಗೆ ನುಗ್ಗಬೇಕು. ಕುಳ್ಳಗಿದ್ದು ಎದುರಾಳಿಯ ಹತ್ತಿರ ಹೋಗಲೇಬೇಕಾದವನಿಗೆ ಇದಕ್ಕಿಂತ ಒಳ್ಳೆಯ ದಾರಿ ನನಗೆ ಕಂಡಿಲ್ಲ. ಆದರೆ ಇದು ಕಾಲಿನ ದುಡಿಮೆ. ತಲೆ ನಿಂತ ದಿನ ಗಾರ್ಡೂ ನಿಂತಿತು. 1990ರ ಫೆಬ್ರವರಿಯಲ್ಲಿ ಟೋಕಿಯೋದಲ್ಲಿ ಟೈಸನ್ ತಲೆ ಆಡಿಸುವುದು ಕಡಿಮೆಯಾಗಿತ್ತು. ಉದ್ದ ತೋಳಿನ ಬಸ್ಟರ್ ಡಗ್ಲಸ್ ಇಡೀ ರಾತ್ರಿ ಜ್ಯಾಬ್ ಹಾಕಿದ. 10ನೇ ರೌಂಡ್‌ನಲ್ಲಿ ಕೆಳಗಿನಿಂದ ಒಂದು ಅಪ್ಪರ್‌ಕಟ್ ಎತ್ತಿದ. ಅದರ ಹಿಂದೆ ಬಂದ ಏಟುಗಳಿಗೆ ಟೈಸನ್ ಬಿದ್ದ.

ಈಗ ನನ್ನ ಹತ್ತಿರ ಬರುವ ಹುಡುಗರ ಮೆಚ್ಚಿನ ವಿಷಯ, ಫಿಲ್ಲಿ ಶೆಲ್. ಎಡಗೈ ಹೊಟ್ಟೆಗೆ ಅಡ್ಡ. ಎಡ ಹೆಗಲು ಎತ್ತಿ ಗದ್ದಕ್ಕೆ ಮರೆ. ಬಲಗೈ ಕೆನ್ನೆಯ ಹತ್ತಿರ. ಮೈ ಓರೆ. ಎದುರಾಳಿಯ ಬಲಗೈ ಬಂದರೆ ಸೊಂಟ ತಿರುಗಿಸಿ ಹೆಗಲಿನ ಮೇಲೆ ಜಾರಿಸುವುದು. ತಿರುಗಿದ ಸೊಂಟ ವಾಪಸ್ ಬರುವಾಗ ನಮ್ಮ ಬಲಗೈ ಅದರ ಜೊತೆಗೇ ಹೋಗುತ್ತದೆ. ತಡೆಯುವುದು, ಹೊಡೆಯುವುದು ಎರಡೂ ಒಂದೇ ಓಟದಲ್ಲಿ. ಫ್ಲಾಯ್ಡ್ ಮೇವೆದರ್ 50 ಪಂದ್ಯ ಆಡಿ 50ನ್ನೂ ಗೆದ್ದ. ಅದನ್ನು ಫೋನಿನಲ್ಲಿ ನೋಡಿದ ಹುಡುಗ ಮರುದಿನ ಎಡಗೈ ಇಳಿಸಿಕೊಂಡು ಬರುತ್ತಾನೆ.

ಅವನಿಗೆ ನಾನು ತೋರಿಸುವುದು ಮೇವೆದರ್ ಕಷ್ಟಪಟ್ಟ ರೌಂಡ್‌ಗಳನ್ನು. ಎಡಗೈ ಕೆಳಗಿದ್ದರೆ ಜ್ಯಾಬ್ ತಡೆಯಲು ಬಲಗೈಯೇ ಬೇಕು. 2007ರಲ್ಲಿ ಡಿ ಲಾ ಹೋಯಾನ ಜ್ಯಾಬ್ ಅವನನ್ನು ಕಾಡಿತು. ಪಂದ್ಯದ ಕೊನೆಯ ಭಾಗದಲ್ಲಿ ಡಿ ಲಾ ಹೋಯಾ ಅದನ್ನು ಬಿಟ್ಟ, ತೀರ್ಪು ಕೈತಪ್ಪಿತು. ನೇರವಾಗಿ ಬರುವ ಬಲಗೈ ಹೆಗಲಿಗೆ ತಾಗಿ ಜಾರುತ್ತದೆ. ಮೇಲಿನಿಂದ ಸುತ್ತಿ ಬರುವ ಬಲಗೈ ಹೆಗಲನ್ನು ದಾಟಿ ಬೀಳುತ್ತದೆ. 2014ರ ಮೇ ತಿಂಗಳಲ್ಲಿ ಮಾರ್ಕೋಸ್ ಮೈದಾನಾ ಮೇವೆದರ್‌ನನ್ನು ಹಗ್ಗಕ್ಕೆ ಒತ್ತಿ ಹಾಕಿದ್ದು ಇದನ್ನೇ. ಎಡಗೈ ಆಟಗಾರ, ಅಂದರೆ ಸೌತ್‌ಪಾ ಎದುರಿಗಿದ್ದರೆ ಲೆಕ್ಕವೇ ತಲೆಕೆಳಗು. ಅವನ ನೇರ ಎಡಗೈ ಬರುವುದು ಹೆಗಲಿನ ಮರೆ ಇಲ್ಲದ ಕಡೆಯಿಂದ.

ಮೇವೆದರ್ ಇದನ್ನೆಲ್ಲ ಪಂದ್ಯದ ನಡುವೆಯೇ ಸರಿಮಾಡಿಕೊಳ್ಳಬಲ್ಲ. 2010ರಲ್ಲಿ ಶೇನ್ ಮೋಸ್ಲಿಯ ಬಲಗೈಗೆ ಎರಡನೇ ರೌಂಡ್‌ನಲ್ಲಿ ಅವನ ಮಂಡಿ ಕುಸಿಯಿತು. ಉಳಿದ ರೌಂಡ್‌ಗಳಲ್ಲಿ ಮುಂದೆ ನುಗ್ಗಿ ಆಡಿ ಗೆದ್ದ. ಎಲ್ಲರಿಗೂ ಅದು ಆಗುವುದಿಲ್ಲ. ಏಡ್ರಿಯನ್ ಬ್ರೋನರ್ ಕೂಡ ಇದೇ ಹೆಗಲು, ಇದೇ ಓರೆ ನಿಲುವು ಇಟ್ಟುಕೊಂಡವನು. 2013ರ ಡಿಸೆಂಬರ್‌ನಲ್ಲಿ ಇದೇ ಮೈದಾನಾ ಅವನನ್ನು ಎಡ ಹುಕ್‌ನಿಂದ ಎರಡು ಸಲ ಬೀಳಿಸಿ, ಮೊದಲ ಸೋಲು ಕೊಟ್ಟು ಕಳಿಸಿದ. ಹುಕ್‌ಗೆ ಕಾವಲು ಬಲಗೈ. ಅದು ಅರ್ಧ ಗೇಣು ಜರುಗಿದರೂ ಸಾಕು.

ಇದನ್ನು ನಾನು ಪುಸ್ತಕದ ಮಾತಾಗಿ ಹೇಳುತ್ತಿಲ್ಲ. ಹತ್ತೊಂಬತ್ತನೇ ವಯಸ್ಸಿನಲ್ಲಿ ನಾನೂ ಸ್ಪಾರಿಂಗ್‌ನಲ್ಲಿ, ಅಂದರೆ ಅಭ್ಯಾಸದ ಗುದ್ದಾಟದಲ್ಲಿ, ಕೈ ಇಳಿಸಿ ಆಡಿದೆ. ಒಂದು ಹುಕ್ ಬಿತ್ತು. ಅದು ಬಂದದ್ದೇ ಕಾಣಲಿಲ್ಲ. ಎರಡು ದಿನ ತಲೆನೋವು, ಬೆಳಕು ಕಂಡರೆ ಆಗುತ್ತಿರಲಿಲ್ಲ. ಆಗ ಅದನ್ನು ಯಾರಿಗೂ ಹೇಳಲಿಲ್ಲ. ನೀವು ಹಾಗೆ ಮಾಡಬೇಡಿ. ತಲೆಗೆ ಬಿದ್ದು ನೋವು ಉಳಿದರೆ ಅವತ್ತೇ ಹೇಳಿ, ಡಾಕ್ಟರಿಗೆ ತೋರಿಸಿ, ಸ್ಪಾರಿಂಗ್ ನಿಲ್ಲಿಸಿ. ಅಪ್ಪ ಅಮ್ಮಂದಿರೂ ಇಲ್ಲಿದ್ದೀರಿ, ದಯವಿಟ್ಟು ಕೇಳಿ ತಿಳಿದುಕೊಳ್ಳಿ.

ಕೈ ಇಳಿಸಿಯೇ ಆಡಿದ ದೊಡ್ಡವರಿಲ್ಲವೇ? ಇದ್ದಾರೆ. ಮುಹಮ್ಮದ್ ಆಲಿ, ರಾಯ್ ಜೋನ್ಸ್. ಅವರ ಗಾರ್ಡ್ ಕಾಲಿನಲ್ಲಿತ್ತು, ಕಣ್ಣಿನಲ್ಲಿತ್ತು. ಆಲಿಯನ್ನು 1963ರಲ್ಲಿ ಹೆನ್ರಿ ಕೂಪರ್ ಬೀಳಿಸಿದ್ದು ಎಡ ಹುಕ್‌ನಿಂದ. 1971ರಲ್ಲಿ ಜೋ ಫ್ರೇಜಿಯರ್ 15ನೇ ರೌಂಡ್‌ನಲ್ಲಿ ಬೀಳಿಸಿದ್ದೂ ಎಡ ಹುಕ್‌ನಿಂದಲೇ. ಜೋನ್ಸ್‌ನ ವೇಗ ಇಳಿದ ಮೇಲೆ, 2004ರಲ್ಲಿ, ಆಂಟೋನಿಯೊ ಟಾರ್ವರ್‌ಗೆ ಎರಡು ರೌಂಡ್ ಸಾಕಾಯಿತು.

ಕೊನೆಯದು ಕ್ರಾಸ್ ಆರ್ಮ್. ಎರಡೂ ತೋಳು ಮುಖ, ಹೊಟ್ಟೆಯ ಮುಂದೆ ಅಡ್ಡಡ್ಡ, ಒಂದರ ಮೇಲೊಂದು. ಕೆನ್ ನಾರ್ಟನ್ ಇದನ್ನಿಟ್ಟುಕೊಂಡು 1973ರಲ್ಲಿ ಆಲಿಯ ದವಡೆ ಮುರಿದು ಗೆದ್ದ. ಮರುವರ್ಷ ಜಾರ್ಜ್ ಫೋರ್‌ಮನ್ ಎದುರು ಅದೇ ಗಾರ್ಡ್ ಎರಡು ರೌಂಡ್ ಕೂಡ ಬಾಳಲಿಲ್ಲ. ಹಿಂದೆ ಸರಿಯುವವನ ಅಡ್ಡ ತೋಳಿನ ಅಡಿಯಿಂದ ಅಪ್ಪರ್‌ಕಟ್ ಬಂತು. ಅದೇ ವರ್ಷ ಅಕ್ಟೋಬರ್‌ನಲ್ಲಿ, ಕಿನ್ಶಾಸಾದಲ್ಲಿ, ಆಲಿ ಹಗ್ಗಕ್ಕೆ ಒರಗಿ ತೋಳು ಎತ್ತಿ ಹಿಡಿದು ಫೋರ್‌ಮನ್‌ಗೆ ಹೊಡೆಯಲು ಬಿಟ್ಟ. ಹೊಡೆದು ಹೊಡೆದು ಅವನ ಉಸಿರು ಖಾಲಿಯಾಯಿತು. 8ನೇ ರೌಂಡ್‌ನಲ್ಲಿ ನಾಕೌಟ್.

ಇಪ್ಪತ್ತು ವರ್ಷ ಕಳೆಯಿತು. 1994ರ ನವೆಂಬರ್ 5, ಲಾಸ್ ವೇಗಸ್. ಫೋರ್‌ಮನ್‌ಗೆ 45 ವಯಸ್ಸು. ಕಾಲು ಭಾರ. ಎದುರಿಗೆ ಮೈಕಲ್ ಮೂರರ್, ಚಾಂಪಿಯನ್, ಸೌತ್‌ಪಾ. ಆಲಿಯ ಮೂಲೆಯಲ್ಲಿದ್ದ ತರಬೇತುದಾರ ಆಂಜೆಲೊ ಡಂಡಿ ಈಗ ಫೋರ್‌ಮನ್‌ನ ಮೂಲೆಯಲ್ಲಿ. ಫೋರ್‌ಮನ್ ಎತ್ತಿ ಹಿಡಿದದ್ದು ತಾನೇ ಒಮ್ಮೆ ಒಡೆದು ಹಾಕಿದ್ದ ಆ ಅಡ್ಡ ತೋಳಿನ ಗಾರ್ಡ್. ಅದರ ಬಾಗಿಲು ಎಲ್ಲಿದೆ ಅಂತ ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಈ ಸಲ ಅವನು ಹಿಂದೆ ಸರಿಯಲಿಲ್ಲ. ಒಂಬತ್ತು ರೌಂಡ್ ಮೂರರ್‌ನ ಏಟು ತಿನ್ನುತ್ತ ಮೆಲ್ಲಗೆ ಮುಂದೆ ಬಂದ. ಮೂರೂ ತೀರ್ಪುಗಾರರ ಅಂಕಗಳಲ್ಲಿ ಹಿಂದಿದ್ದ. ಮೂರರ್ ಮಾತ್ರ ಅವನ ಮುಂದೆಯೇ ನಿಂತಿದ್ದ. ಹತ್ತನೇ ರೌಂಡ್‌ನಲ್ಲಿ ಚಿಕ್ಕದೊಂದು ಬಲಗೈ ಗದ್ದಕ್ಕೆ ಹೋಯಿತು.

ರೆಫರಿ ಹತ್ತು ಎಣಿಸಿ ಮುಗಿಸಿದಾಗ ಫೋರ್‌ಮನ್ ತನ್ನ ಮೂಲೆಗೆ ಹೋಗಿ ಮಂಡಿಯೂರಿದ.

ಈಗ ಇಬ್ಬರು ಮುಂದೆ ಬನ್ನಿ. ಗ್ಲೌಸ್ ಹಾಕಿಕೊಳ್ಳಿ. ಒಬ್ಬರು ಹೈ ಗಾರ್ಡ್, ಇನ್ನೊಬ್ಬರು ಜ್ಯಾಬ್ ಮಾತ್ರ, ಮೆಲ್ಲಗೆ. ಜ್ಯಾಬ್ ಹಾಕಿದ ಕೈ ವಾಪಸ್ ಎಲ್ಲಿಗೆ ಬರುತ್ತದೆ ಅಂತ ಎಲ್ಲರೂ ನೋಡೋಣ.