ಎಸ್ ಕಾರ್ಪ್ ಮಾಡ್ಸೋ ಮುಂಚೆ ಪೂರ್ತಿ ಲೆಕ್ಕ ನೋಡಿ

ನಮಸ್ಕಾರ ಎಲ್ರಿಗೂ. ಅಮೆರಿಕದಲ್ಲಿ ಸ್ವಂತ ಬಿಸಿನೆಸ್ ಮಾಡ್ತಿರೋ ನಮ್ಮೋರಿಗೋಸ್ಕರ ಈ ವಿಡಿಯೋ. ಐಟಿ ಕನ್ಸಲ್ಟಿಂಗ್ ಇರ್ಬಹುದು, ಕೇಟರಿಂಗ್ ಇರ್ಬಹುದು, ಭರತನಾಟ್ಯ ಕ್ಲಾಸ್ ಇರ್ಬಹುದು, ಒಂದು ಎಲ್‌ಎಲ್‌ಸಿ, ಅಂದ್ರೆ ಲಿಮಿಟೆಡ್ ಲಯಬಿಲಿಟಿ ಕಂಪನಿ, ಮಾಡ್ಕೊಂಡಿರ್ತೀರ, ಅಷ್ಟರಲ್ಲೇ ಕನ್ನಡ ಕೂಟದ ಊಟದ ಸಾಲಲ್ಲಿ ಯಾರಾದ್ರೂ ಸಿಕ್ಕಿ "ಅಯ್ಯೋ, ಇನ್ನೂ ಎಸ್ ಕಾರ್ಪ್ ಮಾಡ್ಸಿಲ್ವಾ? ಸುಮ್ನೆ ದುಡ್ಡು ಬಿಡ್ತಿದೀರಲ್ರೀ" ಅಂದ್ಬಿಡ್ತಾರೆ. ನನ್ನ ಅಭಿಪ್ರಾಯ ಮೊದ್ಲೇ ಹೇಳ್ತೀನಿ, ಸುಮಾರು ಜನಕ್ಕೆ ಇದು ಈಗ ಬೇಡ. ಎಸ್ ಕಾರ್ಪ್ ಅಂದ್ರೆ ಬೇರೆ ಕಂಪನಿ ಅಲ್ಲ, ಇರೋ ಕಂಪನಿಗೇ ಟ್ಯಾಕ್ಸ್ ಹಾಕೋ ಇನ್ನೊಂದು ರೀತಿ. ಯಾಕೆ ಬೇಡ ಅಂತ ನೋಡೋಣ.

ಎಲ್‌ಎಲ್‌ಸಿ ಓನರ್ ಒಬ್ರೇ ಇದ್ರೆ ಲಾಭದ ಮೇಲೆ ಇನ್‌ಕಮ್ ಟ್ಯಾಕ್ಸ್ ಅಲ್ದೆ ಸೆಲ್ಫ್ ಎಂಪ್ಲಾಯ್ಮೆಂಟ್ ಟ್ಯಾಕ್ಸೂ ಬೀಳತ್ತೆ, 15.3 ಪರ್ಸೆಂಟು, ಸೋಶಿಯಲ್ ಸೆಕ್ಯೂರಿಟಿ ಅನ್ನೋ ಸರ್ಕಾರಿ ಪೆನ್ಷನ್ನಿಗೆ 12.4, ಮೆಡಿಕೇರ್ ಅನ್ನೋ ವಯಸ್ಸಾದೋರ ಆರೋಗ್ಯ ವಿಮೆಗೆ 2.9. ಈಗ 2553 ಅನ್ನೋ ಫಾರಂ ಹಾಕಿ ಎಸ್ ಕಾರ್ಪ್ ಆದ್ರೆ, ನಿಮ್ ಕಂಪನಿಯಿಂದ ನೀವೇ ಸಂಬಳ ತಗೋಬೇಕು, ಆ ಸಂಬಳಕ್ಕೆ ಮಾತ್ರ ಈ 15.3, ಉಳಿದ ಲಾಭ ಡಿಸ್ಟ್ರಿಬ್ಯೂಷನ್ ಅಂತ ತಗೊಂಡ್ರೆ ಅದಕ್ಕಿಲ್ಲ. ರೀಲ್ಸ್‌ನಲ್ಲಿ ಹೇಳೋದು ಇಷ್ಟೇ, ಸುಳ್ಳೇನಲ್ಲ, ಆದ್ರೆ ಲೆಕ್ಕವನ್ನ ಅರ್ಧಕ್ಕೇ ನಿಲ್ಲಿಸ್ತಾರೆ.

ಒಂದು ಉದಾಹರಣೆ ತಗೊಳ್ಳಿ. ಲಾಭ ಒಂದೂವರೆ ಲಕ್ಷ ಡಾಲರ್. ಹಾಗೇ ಇದ್ರೆ ಸೆಲ್ಫ್ ಎಂಪ್ಲಾಯ್ಮೆಂಟ್ ಟ್ಯಾಕ್ಸು ಸುಮಾರು 21,200. ಎಸ್ ಕಾರ್ಪ್ ಮಾಡಿ 80,000 ಸಂಬಳ ತಗೊಂಡ್ರೆ ಪೇರೋಲ್ ಟ್ಯಾಕ್ಸು, ಅಂದ್ರೆ ಸಂಬಳದ ಮೇಲಿನ ಆ 15.3 ಪರ್ಸೆಂಟು, 12,240. ಉಳಿದಿದ್ದು ಹತ್ತಿರ ಹತ್ತಿರ 9,000. ಥಂಬ್‌ನೇಲ್ ಮೇಲೆ ಬರೋದು ಈ ನಂಬರ್ರೇ. ಆದ್ರೆ 2018ರಿಂದ ಸಣ್ಣ ಬಿಸಿನೆಸ್‌ಗೆ ಕ್ಯೂಬಿಐ ಅಂತ ಲಾಭದ ಮೇಲೆ 20 ಪರ್ಸೆಂಟ್ ಡಿಡಕ್ಷನ್ ಇದೆಯಲ್ಲ, ನೀವು ತಗೊಳ್ಳೋ ಸಂಬಳಕ್ಕೆ ಅದು ಸಿಗಲ್ಲ. ಮೊದ್ಲು ಹತ್ರ 28,000 ಡಿಡಕ್ಷನ್ ಸಿಗ್ತಿದ್ದದ್ದು ಈಗ 13,000ದ ಆಸುಪಾಸಿಗೆ ಇಳಿಯತ್ತೆ. ಜೊತೆಗೆ ಮೊದ್ಲು ಕಟ್ತಿದ್ದ ದೊಡ್ಡ ಟ್ಯಾಕ್ಸಲ್ಲಿ ಅರ್ಧ ಆದಾಯದಿಂದ ಕಳೀಬಹುದಿತ್ತು, ಅದೂ ಕಮ್ಮಿ ಆಗತ್ತೆ. ಮನೇಲಿ ಇನ್ನೊಬ್ರು 50,000 ದುಡೀತಾ, ಇಬ್ರೂ ಜಾಯಿಂಟಾಗಿ ಫೈಲ್ ಮಾಡಿ 22 ಪರ್ಸೆಂಟ್ ಸ್ಲ್ಯಾಬಲ್ಲಿದ್ರೆ ಇನ್‌ಕಮ್ ಟ್ಯಾಕ್ಸೇ 4,300ರಷ್ಟು ಜಾಸ್ತಿ ಆಗತ್ತೆ. 9,000 ಅಂದಿದ್ದು 4,600ಕ್ಕೆ ಬಂತಾ? ಇನ್ನೂ ಮುಗಿದಿಲ್ಲ. ಪೇರೋಲ್ ಸಾಫ್ಟ್‌ವೇರು, ಸಂಬಳದ ಲೆಕ್ಕ ಕೊಡೋಕೆ ಮೂರು ತಿಂಗಳಿಗೊಂದು 941 ಫಾರಂ, ವರ್ಷಕ್ಕೊಂದು 940, ಡಬ್ಲ್ಯು-2, ಇದಲ್ದೆ 1120-ಎಸ್ ಅಂತ ಕಂಪನಿಗೇ ಬೇರೆ ರಿಟರ್ನು, ಇದಕ್ಕೆಲ್ಲ ಸಿಪಿಎಗೆ, ಅಂದ್ರೆ ಲೆಕ್ಕ ನೋಡೋ ಅಕೌಂಟೆಂಟಿಗೆ, ಎರಡು, ಎರಡೂವರೆ ಸಾವಿರ ಹೋಯ್ತು ಅಂದ್ರೆ ಕೈಲಿ ಉಳಿಯೋದು ಎರಡು ಸಾವಿರ ಚಿಲ್ಲರೆ. ಒಂದೂವರೆ ಲಕ್ಷ ಲಾಭ ಇರೋರಿಗೇ ಹೀಗಂದ್ಮೇಲೆ 50,000 ಲಾಭದ ಡ್ಯಾನ್ಸ್ ಕ್ಲಾಸಿಗೆ ಎಸ್ ಕಾರ್ಪ್ ಮಾಡ್ಸೋದು ನನ್ ಪ್ರಕಾರ ತಪ್ಪು ಸಲಹೆ, ಫೀಸ್ ಬರತ್ತೆ ಅಂತ ಕೊಡೋ ಸಲಹೆ. ಮೇಲಿಂದ ರಾಜ್ಯದ ಲೆಕ್ಕ ಬೇರೆ, ಕ್ಯಾಲಿಫೋರ್ನಿಯಾ ಎಸ್ ಕಾರ್ಪ್ ಲಾಭದ ಮೇಲೆ 1.5 ಪರ್ಸೆಂಟ್ ತಗೊಳತ್ತೆ, ನ್ಯೂಯಾರ್ಕ್ ಸಿಟಿ ಅಂತೂ ಎಸ್ ಕಾರ್ಪ್ ಅನ್ನೋದನ್ನ ಒಪ್ಪೋದೇ ಇಲ್ಲ.

"ಹಂಗಾದ್ರೆ ಸಂಬಳ ಕಮ್ಮಿ ತಗೋತೀನಿ, ವರ್ಷಕ್ಕೆ 24,000 ಸಾಕು" ಅಂತೀರಾ? ಅಯೋವಾದಲ್ಲಿ ಡೇವಿಡ್ ವಾಟ್ಸನ್ ಅನ್ನೋರು ಸರಿಯಾಗಿ ಅಷ್ಟೇ ತಗೊಂಡಿದ್ರು. ಅವ್ರೇ ಸಿಪಿಎ, ಅನುಭವ ಇದ್ದೋರು. 2002ರಲ್ಲಿ ಸಂಬಳ 24,000, ಡಿಸ್ಟ್ರಿಬ್ಯೂಷನ್ ಎರಡು ಲಕ್ಷದ ಮೇಲೆ. ಐಆರ್‌ಎಸ್, ಅಂದ್ರೆ ಅಮೆರಿಕದ ಟ್ಯಾಕ್ಸ್ ಇಲಾಖೆ, ಹಿಡೀತು, ಆ ಕೆಲಸಕ್ಕೆ 91,044 ಸಂಬಳ ಆಗ್ಬೇಕಿತ್ತು ಅಂತ ಕೋರ್ಟು ಹೇಳ್ತು, 2012ರಲ್ಲಿ ಅಪೀಲಲ್ಲೂ ಅವ್ರು ಸೋತ್ರು. ನೀವು ಮಾಡೋ ಕೆಲಸಕ್ಕೆ ಮಾರ್ಕೆಟ್ಟಲ್ಲಿ ಏನು ಸಂಬಳ ಇದೆಯೋ ಅದರ ಹತ್ತಿರ ಇರ್ಬೇಕು, ಅರ್ಧ ಸಂಬಳ ಅರ್ಧ ಡಿಸ್ಟ್ರಿಬ್ಯೂಷನ್ ಅನ್ನೋ ರೂಲು ಕಾನೂನಲ್ಲಿ ಎಲ್ಲೂ ಇಲ್ಲ. ಐಆರ್‌ಎಸ್ ವಿಷ್ಯ ಬಿಡಿ, ಸಂಬಳ ಕಮ್ಮಿ ತೋರಿಸಿದ್ರೆ ನಷ್ಟ ನಿಮ್ಗೇನೇ. ಸೋಲೋ 401ಕೆ ಅನ್ನೋ ರಿಟೈರ್ಮೆಂಟ್ ಖಾತೆಗೆ ಕಂಪನಿ ಕಡೆಯಿಂದ ಹಾಕ್ಬಹುದಾದ್ದು ಸಂಬಳದ 25 ಪರ್ಸೆಂಟ್ ಮಾತ್ರ, 24,000ಕ್ಕೆ ಬರೀ 6,000. ಸೋಶಿಯಲ್ ಸೆಕ್ಯೂರಿಟಿ ಪೆನ್ಷನ್ ಲೆಕ್ಕ ಹಾಕೋದೂ ಹೆಚ್ಚು ದುಡಿದ 35 ವರ್ಷದ ಮೇಲೆ. ನಮ್ಮಲ್ಲಿ ಸುಮಾರು ಜನ ಈ ದೇಶಕ್ಕೆ ಬಂದಿದ್ದೇ ಮೂವತ್ತರ ಮೇಲೆ, ಅಷ್ಟು ವರ್ಷ ಸಿಗೋದೇ ಕಷ್ಟ, ಸಿಕ್ಕ ವರ್ಷಗಳಲ್ಲೂ ಆದಾಯ ಕಮ್ಮಿ ತೋರಿಸಿದ್ರೆ ವಯಸ್ಸಾದ್ಮೇಲೆ ಏನ್ ಬರತ್ತೆ ಹೇಳಿ.

ಇನ್ನು ನಂಗೆ ತುಂಬಾ ಬೇಜಾರಾಗೋ ವಿಷ್ಯ, ಇದನ್ನ ಯಾರೂ ನಮ್ ಜನಕ್ಕೆ ಬಿಡಿಸಿ ಹೇಳಲ್ಲ. ಎಸ್ ಕಾರ್ಪ್‌ನಲ್ಲಿ ನಾನ್ ರೆಸಿಡೆಂಟ್ ಏಲಿಯನ್, ಅಂದ್ರೆ ಟ್ಯಾಕ್ಸ್ ಲೆಕ್ಕದಲ್ಲಿ ಅಮೆರಿಕದ ನಿವಾಸಿ ಅಲ್ಲದ ವಿದೇಶಿ, ಶೇರ್‌ಹೋಲ್ಡರ್ ಇರೋ ಹಾಗಿಲ್ಲ. ಶಿವಮೊಗ್ಗದಲ್ಲಿರೋ ಅಪ್ಪ ಬಿಸಿನೆಸ್ಸಿಗೆ ಅಂತ ದುಡ್ಡು ಕೊಟ್ರು, ನೀವು ಪ್ರೀತಿಯಿಂದ ಅವ್ರ ಹೆಸರಿಗೆ 10 ಪರ್ಸೆಂಟ್ ಶೇರ್ ಬರೆದ್ರಿ ಅನ್ಕೊಳ್ಳಿ, ಆವತ್ತಿಗೇ ಎಸ್ ಸ್ಟೇಟಸ್ ಹೋಯ್ತು. ಕಂಪನಿ ಸಿ ಕಾರ್ಪ್ ಆಗತ್ತೆ, ಲಾಭಕ್ಕೆ ಮೊದ್ಲು 21 ಪರ್ಸೆಂಟ್, ಆಮೇಲೆ ಡಿವಿಡೆಂಡ್ ತಗೊಂಡ್ರೆ ಅದಕ್ಕೆ ಇನ್ನೊಂದ್ಸಲ ಟ್ಯಾಕ್ಸು, ಐಆರ್‌ಎಸ್ ವಿಶೇಷವಾಗಿ ಒಪ್ಪದೇ ಇದ್ರೆ ಐದು ವರ್ಷ ವಾಪಸ್ ಎಸ್ ಆಗೋ ಹಾಗೂ ಇಲ್ಲ. ಎಚ್-4 ಇಎಡಿ, ಅಂದ್ರೆ ಗಂಡನ ಎಚ್-1ಬಿ ವೀಸಾದಿಂದ ಸಿಗೋ ವರ್ಕ್ ಪರ್ಮಿಟ್, ಅದರ ಮೇಲೆ ಬಿಸಿನೆಸ್ ನಡೆಸ್ತಿರೋ ಅಕ್ಕಂದಿರು ಇದನ್ನ ಇನ್ನೂ ಗಮನ ಇಟ್ಟು ಕೇಳಿ. ಇಲ್ಲಿ ಸಾಕಷ್ಟು ದಿನ ಇದ್ದು ಟ್ಯಾಕ್ಸ್ ರೆಸಿಡೆಂಟ್ ಆಗಿರೋವರೆಗೆ ನೀವು ಶೇರ್‌ಹೋಲ್ಡರ್ ಆಗಿರ್ಬಹುದು. ಆದ್ರೆ ಯಜಮಾನರ ಕೆಲ್ಸ ಹೋಗಿ ಎಲ್ರೂ ಬೆಂಗಳೂರಿಗೆ ವಾಪಸ್ ಹೋದ್ರಿ, ಕಂಪನಿ ಹಾಗೇ ನಡೀತಿದೆ ಅಂದ್ರೆ, ನೀವು ನಾನ್ ರೆಸಿಡೆಂಟ್ ಆದ ದಿನವೇ ಎಸ್ ಸ್ಟೇಟಸ್ ಬಿದ್ದುಹೋಗತ್ತೆ. ವೀಸಾ ಮೇಲೆ ಇರೋರಿಗೆ ಎಸ್ ಕಾರ್ಪ್ ಮಾಡ್ಸೋ ಸಿಪಿಎ ಇದನ್ನ ಮೊದಲನೇ ಮೀಟಿಂಗಲ್ಲೇ ಹೇಳ್ಬೇಕು. ಹೇಳ್ದೇ ಇದ್ರೆ ಬೇರೆ ಸಿಪಿಎ ನೋಡ್ಕೊಳ್ಳಿ, ಇದ್ರಲ್ಲಿ ಮುಲಾಜು ಬೇಡ. ಟೆಕ್ಸಾಸ್, ಕ್ಯಾಲಿಫೋರ್ನಿಯಾ, ವಾಷಿಂಗ್ಟನ್‌ನಲ್ಲಿ ಗಂಡ ಹೆಂಡತಿ ಆಸ್ತಿ ಸಾಮಾನ್ಯವಾಗಿ ಇಬ್ಬರದ್ದೂ ಅಂತ ಲೆಕ್ಕ, ಅಲ್ಲಿ 2553 ಮೇಲೆ ಇಬ್ರೂ ಸೈನ್ ಹಾಕ್ಬೇಕಾಗತ್ತೆ, ಅದನ್ನೂ ಕೇಳಿ ತಿಳ್ಕೊಳ್ಳಿ.

ಯಾರಿಗೆ ಸರಿ ಹೋಗತ್ತೆ ಅಂದ್ರೆ, ಸಿಟಿಜನ್ನೋ ಗ್ರೀನ್ ಕಾರ್ಡೋ ಇದ್ದು, ಸರಿಯಾದ ಸಂಬಳ ತಗೊಂಡ ಮೇಲೂ ದೊಡ್ಡ ಮೊತ್ತ ಉಳಿಯೋ ಲಾಭ ವರ್ಷ ವರ್ಷ ಬರ್ತಿದ್ರೆ, ಮಾಡ್ಸಿ, ಧೈರ್ಯವಾಗಿ ಮಾಡ್ಸಿ. ಆದ್ರೆ ಬಾಡಿಗೆ ಮನೆ ಗಿನೆ ಅದರೊಳಗೆ ಹಾಕ್ಬೇಡಿ, ಆಮೇಲೆ ಹೊರಗೆ ತೆಗೆಯುವಾಗ ಮಾರಿದ ಹಾಗೇ ಟ್ಯಾಕ್ಸ್ ಬೀಳತ್ತೆ.

"ಮಾರ್ಚ್ 15 ಲಾಸ್ಟ್ ಡೇಟು, ಇವತ್ತೇ ಸೈನ್ ಹಾಕಿ" ಅಂತ ಯಾರಾದ್ರೂ ಅವಸರ ಮಾಡಿದ್ರೆ ಹೆದರ್ಬೇಡಿ. ಆ ತಾರೀಖು ಇದೇ ವರ್ಷ ಜನವರಿಯಿಂದ ಎಸ್ ಆಗ್ಬೇಕು ಅನ್ನೋರಿಗೆ. ಮುಂದಿನ ವರ್ಷದಿಂದ ಸಾಕು ಅಂದ್ರೆ ಈ ವರ್ಷ ಯಾವ ತಿಂಗಳಲ್ಲಿ ಬೇಕಾದ್ರೂ ಫಾರಂ ಕಳಿಸ್ಬಹುದು. ಅಲ್ಲೀವರೆಗೆ ನಿಮ್ ಸಿಪಿಎ ಹತ್ರ ಎರಡು ಕಾಲಂ ಹಾಕಿಸ್ಕೊಳ್ಳಿ, ಹೀಗೇ ಇದ್ರೆ ಎಷ್ಟು, ಎಸ್ ಆದ್ರೆ ಎಷ್ಟು, ಕ್ಯೂಬಿಐ, ರಾಜ್ಯದ ಟ್ಯಾಕ್ಸು, ಅವ್ರ ಫೀಸು ಎಲ್ಲ ಸೇರಿಸಿ, ಒಂದೇ ಪೇಜಲ್ಲಿ.