ಮಾತ್ರೆಯ ಬೆಲೆ, ಗಂಟೆಯ ಲೆಕ್ಕ

ಕೇಳುಗರೇ, ನಮಸ್ಕಾರ.

ಎಡಿಎಚ್‌ಡಿ, ಅಂದರೆ ಗಮನ ನಿಲ್ಲದ, ಚಡಪಡಿಕೆಯ ಸ್ಥಿತಿ ಇರುವವರಿಗೆ ವೈದ್ಯರು ಬರೆದುಕೊಡುವ ಔಷಧಿ ಒಂದೆರಡು ವಾರಕ್ಕೆ ಮುಗಿಯುವಂಥದ್ದಲ್ಲ. ಹಲವರಿಗೆ ಅದು ವರ್ಷಗಟ್ಟಲೆ ಬೇಕು. ತಿಂಗಳು ತಿಂಗಳೂ ಅಂಗಡಿಗೆ ಹೋಗಬೇಕು, ದುಡ್ಡು ಎಣಿಸಬೇಕು. ಆ ಖರ್ಚನ್ನು ಇಳಿಸುವುದು ಹೇಗೆ ಅನ್ನುವುದೇ ಇವತ್ತಿನ ಮಾತು. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಉಳಿತಾಯ ಶುರುವಾಗಬೇಕಾದ ಜಾಗ ವೈದ್ಯರ ಮೇಜು. ಚೀಟಿ ಬರೆದಾದ ಮೇಲೆ ಹತ್ತು ಅಂಗಡಿ ಸುತ್ತುವುದಕ್ಕಿಂತ, ಬರೆಯುವ ಮುಂಚೆ ಒಂದು ಮಾತು ಕೇಳುವುದೇ ಲಾಭ.

ಯಾಕೆ ಅಂತೀರಾ? ಎಡಿಎಚ್‌ಡಿಗೆ ಕೊಡುವ ಮಿಥೈಲ್‌ಫೆನಿಡೇಟ್ ಅನ್ನುವ ಔಷಧಿಯನ್ನೇ ನೋಡಿ. ಸ್ವಿಟ್ಜರ್ಲೆಂಡಿನ ಸೀಬಾ ಕಂಪನಿಯಲ್ಲಿ ಅದು ತಯಾರಾದದ್ದು 1944ರಲ್ಲಿ. ರಿಟಾಲಿನ್ ಎಂಬ ಹೆಸರಿನಲ್ಲಿ 1950ರ ದಶಕದಲ್ಲೇ ಮಾರಾಟಕ್ಕೆ ಬಂತು. ಅಷ್ಟು ಹಳೆಯ ಔಷಧಿಗೆ ಇಷ್ಟು ಬೆಲೆ ಯಾಕೆ ಅಂತ ಯಾರಿಗಾದರೂ ಅನಿಸುತ್ತದೆ, ಅಲ್ವಾ? ಅದರ ಸಾದಾ ಮಾತ್ರೆ ಮೂರು ನಾಲ್ಕು ಗಂಟೆ ಕೆಲಸ ಮಾಡುತ್ತದೆ. ಅದು ಸಾಮಾನ್ಯವಾಗಿ ಅಗ್ಗ. ದುಬಾರಿಯಾಗುವುದು ದಿನಕ್ಕೊಂದೇ ಸಾಕಾಗುವ ಮಾತ್ರೆ. ಕಾನ್ಸರ್ಟಾ ಎಂಬ ಹೆಸರಿನ ಮಿಥೈಲ್‌ಫೆನಿಡೇಟ್ ಮಾತ್ರೆ ಅಂಥದ್ದು, ಸುಮಾರು 12 ಗಂಟೆ ನಡೆಯುತ್ತದೆ. ಅದರ ಹೊರಮೈಯಲ್ಲಿರುವ ಸ್ವಲ್ಪ ಔಷಧಿ ಮೊದಲು ಕರಗುತ್ತದೆ. ಆಮೇಲೆ ಹೊಟ್ಟೆಯ ನೀರು ಒಳಗೆ ಸೇರಿ ಒಂದು ಪದರ ಉಬ್ಬುತ್ತದೆ. ಲೇಸರ್‌ನಿಂದ ಕೊರೆದ ಸಣ್ಣ ತೂತಿನಿಂದ ಉಳಿದ ಔಷಧಿಯನ್ನು ಅದು ಮೆಲ್ಲಗೆ ಹೊರಗೆ ತಳ್ಳುತ್ತದೆ. ಖಾಲಿ ಕವಚ ಮಲದಲ್ಲಿ ಹಾಗೇ ಹೊರಬರುತ್ತದೆ. ಅದನ್ನು ನೋಡಿ ಮಾತ್ರೆ ಕರಗಲೇ ಇಲ್ಲ ಅಂತ ಗಾಬರಿಯಾಗುವವರೂ ಇದ್ದಾರೆ. ಅಂದರೆ, ನಾವು ಜಾಸ್ತಿ ದುಡ್ಡು ಕೊಡುವುದು ಬಹುಮಟ್ಟಿಗೆ ಈ ಕವಚದ ಕೆಲಸಕ್ಕೆ.

ಹಾಗಾಗಿ ವೈದ್ಯರನ್ನು ಹೀಗೆ ಕೇಳಿ: "ನನಗೆ ದಿನದಲ್ಲಿ ಎಷ್ಟು ಗಂಟೆ ಔಷಧಿ ಬೇಕು? ಸಾದಾ ಮಾತ್ರೆಯನ್ನೇ ಎರಡು ಹೊತ್ತು ತಗೊಂಡರೆ ಆಗುತ್ತದೆಯೇ?" ಕೆಲವರಿಗೆ ಆಗುತ್ತದೆ. ಕೆಲವರಿಗೆ ಆಗುವುದಿಲ್ಲ, ಅದಕ್ಕೂ ಕಾರಣ ಇದೆ. ಮರೆವು ಈ ಸ್ಥಿತಿಯ ಜೊತೆಯಲ್ಲೇ ಬರುತ್ತದೆ. ಮಧ್ಯಾಹ್ನದ ಮಾತ್ರೆ ನೆನಪಾಗುವುದು ಸಂಜೆಗೆ. ಶಾಲೆಯ ಮಗುವಿಗೆ ನಡುಹೊತ್ತಿನಲ್ಲಿ ಯಾರು ಕೊಡಬೇಕು? ತಗೊಳ್ಳದೆ ಉಳಿದ ಅಗ್ಗದ ಮಾತ್ರೆಯಿಂದ ಏನೂ ಉಳಿತಾಯವಿಲ್ಲ. ಇದನ್ನೆಲ್ಲ ವೈದ್ಯರ ಮುಂದೆ ಬಾಯಿಬಿಟ್ಟು ಹೇಳಬೇಕು. ಬೆಲೆಯ ಮಾತೆತ್ತಲು ಸಂಕೋಚ ಬೇಡ. ಎಷ್ಟೋ ವೈದ್ಯರಿಗೆ ಅಂಗಡಿಯ ಬೆಲೆ ಗೊತ್ತೇ ಇರುವುದಿಲ್ಲ.

ಇನ್ನು ಮಾತ್ರೆಯ ಬಲ. ಶುರುವಿನಲ್ಲಿ ವೈದ್ಯರು ಸ್ವಲ್ಪ ಸ್ವಲ್ಪವೇ ಏರಿಸುತ್ತಾರೆ. ಆಗ ಕಾನ್ಸರ್ಟಾದ 18 ಮಿಲಿಗ್ರಾಂನ ಎರಡು ಮಾತ್ರೆ ಅಂತ ಬರೆದಿರಬಹುದು. ಡೋಸ್ ಸರಿಹೊಂದಿ ವರ್ಷವಾದರೂ ಚೀಟಿಯಲ್ಲಿ ಅದೇ ಮುಂದುವರಿಯುತ್ತದೆ, ಯಾರೂ ಗಮನಿಸುವುದಿಲ್ಲ. ಅದರ ಬದಲು 36ರ ಒಂದೇ ಮಾತ್ರೆ ಬರೆಸಿಕೊಂಡರೆ ಸಾಮಾನ್ಯವಾಗಿ ಕಡಿಮೆಗೆ ಬೀಳುತ್ತದೆ. ಇನ್ನೊಂದು ವಿಷಯ. ಡೋಸ್ ಇನ್ನೂ ಬದಲಾಗುತ್ತಿರುವಾಗ ತಿಂಗಳಿಗಾಗುವಷ್ಟು ಕೊಳ್ಳಬೇಡಿ. ಒಮ್ಮೆ ಅಂಗಡಿ ದಾಟಿದ ಇಂಥ ಮಾತ್ರೆಯನ್ನು ವಾಪಸ್ ತಗೊಳ್ಳುವುದು ಕಷ್ಟ. ಒಂದು ವಾರಕ್ಕೆ, ಹತ್ತು ದಿನಕ್ಕೆ ಸಾಕು ಅಂತ ಕೇಳಿ.

ಜೆನೆರಿಕ್ ಬಗ್ಗೆ ಸ್ವಲ್ಪ ನಿಂತು ಮಾತಾಡಬೇಕು. ಒಂದು ಔಷಧಿಯ ಪೇಟೆಂಟ್ ಮುಗಿದಾಗ ಬೇರೆ ಕಂಪನಿಗಳೂ ಅದನ್ನು ಮಾಡಿ ಮಾರುತ್ತವೆ, ಅದೇ ಜೆನೆರಿಕ್; ಬೆಲೆ ಇಳಿಯುತ್ತದೆ. ಅಟೊಮಾಕ್ಸೆಟೀನ್ ಅನ್ನುವ ಇನ್ನೊಂದು ಎಡಿಎಚ್‌ಡಿ ಔಷಧಿ ಅಮೆರಿಕದಲ್ಲಿ ಜೆನೆರಿಕ್ ಆಗಿದ್ದು 2017ರಲ್ಲಿ. ವೈವಾನ್ಸ್ ಎಂಬ ಹೆಸರಿನಲ್ಲಿ ಮಾರುವ, ಎಡಿಎಚ್‌ಡಿಯದೇ ಔಷಧಿಯಾದ ಲಿಸ್‌ಡೆಕ್ಸಾಂಫೆಟಮೀನ್‌ಗೆ ಅಲ್ಲಿ ಜೆನೆರಿಕ್ ಬಂದಿದ್ದು 2023ರಲ್ಲಿ. ಹಾಗಾಗಿ ಹಳೆಯ ಚೀಟಿಯನ್ನು ಆಗಾಗ ಹೊಸ ಕಣ್ಣಿನಿಂದ ನೋಡಬೇಕು. ಹೋದ ಸಲ ಇಲ್ಲದ ಅಗ್ಗದ ಮಾತ್ರೆ ಈ ಸಲ ಬಂದಿರಬಹುದು. ಜೆನೆರಿಕ್ ಅಂದರೆ ಕಳಪೆ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಆದರೆ ಎಲ್ಲವೂ ಒಂದೇ ಅಂತಲೂ ಹೇಳಲಾರೆ. 2014ರಲ್ಲಿ ಅಮೆರಿಕದ ಔಷಧ ಇಲಾಖೆ ಎಫ್‌ಡಿಎ, ಕಾನ್ಸರ್ಟಾಕ್ಕೆ ಬದಲಾಗಿ ಮಾರುತ್ತಿದ್ದ ಎರಡು ಜೆನೆರಿಕ್‌ಗಳಿಗೆ ಕೊಟ್ಟಿದ್ದ 'ಅದಕ್ಕೆ ಸಮ' ಅನ್ನುವ ದರ್ಜೆಯನ್ನು ಇಳಿಸಿತು. ಔಷಧಿ ಅದೇ, ಆದರೆ ದಿನವಿಡೀ ಹೊರಬರುವ ವೇಗ ಹೊಂದುತ್ತಿರಲಿಲ್ಲ. ಸಾದಾ ಮಾತ್ರೆಯಲ್ಲಿ ಇಂಥ ತೊಂದರೆ ಕಡಿಮೆ. ನಿಮಗೆ ಒಂದು ಜೆನೆರಿಕ್ ಹೊಂದಿದರೆ ಅದರ ತಯಾರಕರ ಹೆಸರು ಬರೆದಿಟ್ಟುಕೊಳ್ಳಿ. ಮುಂದಿನ ಸಲ ಅದನ್ನೇ ಕೇಳಿ.

ವಿಮೆ ಇದ್ದವರು, ಅದು ಯಾವ ಔಷಧಿಗೆ ದುಡ್ಡು ಕೊಡುತ್ತದೆ ಅನ್ನುವ ಪಟ್ಟಿಯನ್ನು ವೈದ್ಯರ ಬಳಿ ಹೋಗುವಾಗಲೇ ಜೊತೆಗೆ ಇಟ್ಟುಕೊಂಡರೆ ಆಯಿತು.

ಇಷ್ಟು ಹೇಳುವಾಗ ನನಗೇ ಒಂದು ಅನುಮಾನ ಬರುತ್ತದೆ. ಅಂಗಡಿಗಳಿಗೆ ಫೋನ್ ಮಾಡು, ಬೆಲೆ ಹೋಲಿಸು, ಪಟ್ಟಿ ನೋಡು, ತಾರೀಖು ನೆನಪಿಡು. ಎಡಿಎಚ್‌ಡಿ ಇರುವವರಿಗೆ ಕಷ್ಟವಾಗುವುದೇ ಇಂಥ ಕೆಲಸ! ಅದರ ಮೇಲೆ ಕಾನೂನಿನ ತೊಡಕೂ ಇದೆ. ಮಿಥೈಲ್‌ಫೆನಿಡೇಟ್, ಎಡಿಎಚ್‌ಡಿಗೇ ಕೊಡುವ ಆಂಫೆಟಮೀನ್ ಎರಡೂ, ಮನಸ್ಸಿನ ಮೇಲೆ ಕೆಲಸ ಮಾಡುವ ಔಷಧಿಗಳ ಬಗೆಗಿನ ವಿಶ್ವಸಂಸ್ಥೆಯ 1971ರ ಒಪ್ಪಂದದ ಹಿಡಿತದಲ್ಲಿವೆ. ಆದ್ದರಿಂದ ಹಳೆಯ ಚೀಟಿಯನ್ನೇ ತೋರಿಸಿ ಮತ್ತೆ ಮತ್ತೆ ಕೊಳ್ಳಲು ಹಲವು ದೇಶಗಳಲ್ಲಿ ಬಿಡುವುದಿಲ್ಲ. ತಡಮಾಡಿದರೆ ಮಾತ್ರೆಯೂ ತಪ್ಪುತ್ತದೆ, ಮತ್ತೊಂದು ಭೇಟಿಯ ಫೀಸೂ ಬೀಳುತ್ತದೆ. ಮನೆಯಲ್ಲಿ ಒಬ್ಬರು ಈ ಕೆಲಸ ಹೊತ್ತುಕೊಂಡರೆ ಒಳ್ಳೆಯದು. ಒಂದು ಸಲ ಬೆಲೆ ವಿಚಾರಿಸಿ ಒಂದೇ ಅಂಗಡಿಗೆ ಅಂಟಿಕೊಳ್ಳಿ. ಮುಂದಿನ ತಿಂಗಳುಗಳ ಚೀಟಿಯನ್ನೂ ಒಂದೇ ಭೇಟಿಯಲ್ಲಿ ಕೊಡಲು ನಿಯಮ ಬಿಡುತ್ತದೆಯೇ ಅಂತ ವೈದ್ಯರನ್ನು ಕೇಳಿ. ಅಮೆರಿಕದಲ್ಲಿ 90 ದಿನಕ್ಕಾಗುವಷ್ಟು ಹೀಗೆ ಕೊಡಬಹುದು.

ಮನೆಯಲ್ಲೇ ಮಾಡುವ ಉಳಿತಾಯದ ಬಗ್ಗೆ ಮಾತ್ರ ಎಚ್ಚರ. ದಿನವಿಡೀ ಕೆಲಸ ಮಾಡುವ ಮಾತ್ರೆಯನ್ನು ಮುರಿದು ಅರ್ಧ ನುಂಗಿದರೆ, ಮೆಲ್ಲಗೆ ಬರಬೇಕಾದ ಔಷಧಿ ಒಮ್ಮೆಲೇ ಮೈಗೆ ಸೇರಬಹುದು. ಲಿಸ್‌ಡೆಕ್ಸಾಂಫೆಟಮೀನ್ ಕ್ಯಾಪ್ಸೂಲನ್ನು ತೆರೆದು ನೀರಿಗೆ ಹಾಕಿ ಕುಡಿಯಬಹುದು, ಆದರೆ ಒಂದನ್ನೇ ಎರಡು ದಿನಕ್ಕೆ ಪಾಲು ಮಾಡಬಾರದು. ರಜಾದಿನ ಮಾತ್ರೆ ಬಿಡುವುದು ಕೆಲವರಿಗೆ ವೈದ್ಯರೇ ಒಪ್ಪುವ ಕ್ರಮ. ಅದನ್ನು ಎಲ್ಲ ಔಷಧಿಗೂ ಹಚ್ಚಬೇಡಿ. ಅಟೊಮಾಕ್ಸೆಟೀನ್ ಪರಿಣಾಮ ಕಾಣಲು ವಾರಗಟ್ಟಲೆ ದಿನವೂ ತಗೊಳ್ಳಬೇಕು. ಎಡಿಎಚ್‌ಡಿಗೆ ಕೊಡುವ ಗ್ವಾನ್‌ಫಸೀನ್, ಕ್ಲೋನಿಡೀನ್ ಮೂಲತಃ ರಕ್ತದೊತ್ತಡದ ಔಷಧಿಗಳು. ಖರ್ಚು ಉಳಿಯಲಿ ಅಂತ ಸುಮ್ನೆ ಅವನ್ನು ನಿಲ್ಲಿಸಿದರೆ ಒತ್ತಡ ಧಡಕ್ಕನೆ ಏರಬಹುದು. ಈ ತಿಂಗಳು ಕೈಯಲ್ಲಿ ದುಡ್ಡಿಲ್ಲ ಅಂತಾದರೆ, ಮಾತ್ರೆ ಮುಗಿಯುವ ಮುಂಚೆಯೇ ವೈದ್ಯರಿಗೆ ಫೋನ್ ಮಾಡಿ ಹೇಳಿ. ಡೋಸ್ ಇಳಿಸುತ್ತಾ ಬರುವುದಕ್ಕೋ, ಬೇರೆ ಔಷಧಿಗೆ ದಾಟುವುದಕ್ಕೋ ಅವರಿಗೂ ಸ್ವಲ್ಪ ದಿನ ಬೇಕು.

ನಮಸ್ಕಾರ.